ಹಾದಿಯೇ ಮನೆಯಾದ ಹಾಡುಗಾರ

1982ರ ಮಳೆಗಾಲ. ಆಗ ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಜನಪದ ಗೀತೆಗಳನ್ನು ಸಂಗ್ರಹಿಸಲೆಂದು ಹಾಸನ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆ. ಗದ್ದೆಯ ಬದುವಿನ ಮೇಲೆ ಕುಳಿತು, ಕೆಸರಿನಲ್ಲಿ ಬಾಗಿ ನಾಟಿ ಮಾಡುತ್ತಿದ್ದ ಹೆಂಗಸರು ಹಾಡಿದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಸೊಲ್ಲೆತ್ತಿ ಹಾಡುತ್ತಿದ್ದವಳು ಐವತ್ತು ದಾಟಿದ ಒಬ್ಬ ತಾಯಿ. ಉಳಿದವರು ಅವಳ ಹಿಂದೆ ದನಿಗೂಡಿಸುವವರು. ನಾನು ಪುಸ್ತಕ ಮುಚ್ಚಿ ಏಳುವಾಗ ಅವಳು ಕೇಳಿದಳು: "ಹಾಡೆಲ್ಲಾನೂ ಬರ್ಕಂಡೆ, ನನ್ ಹೆಸ್ರು ಬರ್ಕಳಾದಿಲ್ವೇನಪ್ಪ?" ನಾನು ನಕ್ಕು, "ಜನಪದ ಹಾಡಿಗೆ ಹೆಸರು ಇರೋದಿಲ್ಲಮ್ಮ, ಅದು ಎಲ್ಲರದು" ಎಂದೆ. ತರಗತಿಯಲ್ಲಿ ಕಲಿತದ್ದನ್ನೇ ಒಪ್ಪಿಸಿದ್ದೆ. ಅವಳು ಮರುಮಾತಾಡದೆ ಪೈರಿನ ಕಟ್ಟನ್ನು ಎತ್ತಿಕೊಂಡಳು. 'ಹಾಡಿದವರು' ಎಂಬಲ್ಲಿ ನನ್ನ ಪುಸ್ತಕದಲ್ಲಿ ಇರುವುದು 'ಒಬ್ಬ ಹೆಂಗಸು' ಎಂಬ ಎರಡೇ ಪದ.

ಆ ಉತ್ತರದಲ್ಲಿ ತಪ್ಪಿತ್ತೆಂದು ನನಗೆ ತೋರಿಸಿಕೊಟ್ಟವನು ನಮ್ಮ ನಾಡಿನವನಲ್ಲ. ಹತ್ತು ವರ್ಷಗಳ ತರುವಾಯ, ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಇಂಗ್ಲಿಷ್ ವಿಭಾಗದ ಕಿರಿಯ ಮಿತ್ರರೊಬ್ಬರು ಒಂದು ಕ್ಯಾಸೆಟ್ ತಂದು ಕೇಳಿಸಿದರು. ಅದರಲ್ಲಿ ಪೀಟ್ ಸೀಗರ್ ಹಾಡಿದ, ಒಂದು ವಿಮಾನಾಪಘಾತವನ್ನು ಕುರಿತ ಹಾಡಿತ್ತು. ಪದ ಕಟ್ಟಿದವನು ವುಡಿ ಗಥ್ರಿ ಎಂದು ಮಿತ್ರರು ಹೇಳಿದರು. ಆ ಹಾಡು ನನ್ನನ್ನು ಏಕೆ ಕಲಕಿತು ಎಂಬುದನ್ನು ಹೇಳುವುದಕ್ಕೆ ಮೊದಲು, ಅದನ್ನು ಕಟ್ಟಿದವನ ಬಾಳನ್ನು ತಮ್ಮ ಮುಂದಿಡಬೇಕು.

ತಾನೇ ಪದ ಕಟ್ಟಿ, ತಾನೇ ಹಾಡುತ್ತ, ಊರಿಂದೂರಿಗೆ ನಡೆಯುವವರ ಪರಿಚಯ ಕನ್ನಡಿಗರಿಗೆ ಚೆನ್ನಾಗಿ ಉಂಟು. ಹರಿದಾಸರು ತಂಬೂರಿ ಮೀಟುತ್ತ ಮಧುಕರವೃತ್ತಿಯಲ್ಲಿ ಬಾಳಿದರು. ಶಿಶುನಾಳ ಶರೀಫರ ತತ್ತ್ವಪದಗಳು ಬಾಯಿಂದ ಬಾಯಿಗೆ ಹಬ್ಬಿದವು. ಆದರೆ ಧ್ವನಿಮುದ್ರಿಕೆ, ಬಾನುಲಿ, ಜಾಹೀರಾತುಗಳು ಹಾಡನ್ನು ಸರಕಾಗಿಸಿದ ಇಪ್ಪತ್ತನೆಯ ಶತಮಾನದಲ್ಲಿ, ಅಮೆರಿಕದಂಥ ದೇಶದಲ್ಲಿ, ಯಾವ ಸಂಸ್ಥೆಯ ಹಂಗಿಗೂ ಒಳಗಾಗದೆ ಹೀಗೆ ಬಾಳುತ್ತೇನೆಂದು ಹೊರಟವನಿಗೆ ಏನು ದಕ್ಕೀತು, ಏನು ಕಳೆದೀತು? ಗಥ್ರಿಯ ಚರಿತ್ರೆಯಲ್ಲಿ ಈ ಲೆಕ್ಕದ ಎರಡು ಬದಿಗಳೂ ಇವೆ.

ವುಡ್ರೋ ವಿಲ್ಸನ್ ಗಥ್ರಿ ಹುಟ್ಟಿದ್ದು 1912ರ ಜುಲೈ 14ರಂದು, ಓಕ್ಲಹೋಮಾ ರಾಜ್ಯದ ಒಕೀಮಾ ಎಂಬ ಸಣ್ಣ ಪಟ್ಟಣದಲ್ಲಿ. ಆ ವರ್ಷ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ವುಡ್ರೋ ವಿಲ್ಸನ್ನರ ಹೆಸರನ್ನೇ ತಂದೆ ಮಗನಿಗೆ ಇಟ್ಟ. ತಂದೆ ಜಮೀನಿನ ವ್ಯಾಪಾರ, ಊರ ರಾಜಕೀಯಗಳಲ್ಲಿ ಏರಿ ಇಳಿದವನು. ತಾಯಿ ನೋರಾ ಹಳೆಯ ಕಥನಗೀತೆಗಳನ್ನು ಹಾಡುತ್ತಿದ್ದವಳು. 1919ರಲ್ಲಿ ಅಕ್ಕ ಕ್ಲಾರಾ ಬೆಂಕಿಗೆ ಬಲಿಯಾದಳು. ಬರಬರುತ್ತ ತಾಯಿಯ ಮೈ ಅವಳ ಹಿಡಿತ ತಪ್ಪಿತು, ಬುದ್ಧಿ ಮಸಕಾಯಿತು. ಊರವರು ಹುಚ್ಚೆಂದರು. ಹಂಟಿಂಗ್ಟನ್ ಎಂಬ ಆನುವಂಶಿಕ ವ್ಯಾಧಿಯದು. 1927ರಲ್ಲಿ ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಹಾಡುಗಳ ಜೊತೆಗೆ ಆ ವ್ಯಾಧಿಯನ್ನೂ ಮಗನು ಅವಳಿಂದ ಪಡೆದಿದ್ದನೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಮನೆ ಒಡೆದ ಮೇಲೆ ಹುಡುಗ ಟೆಕ್ಸಾಸಿನ ಪ್ಯಾಂಪಾ ಸೇರಿದ. ಅಂಗಡಿಗಳಿಗೆ ಬೋರ್ಡು ಬರೆದ, ಗಿಟಾರು ಕಲಿತ, 1933ರಲ್ಲಿ ಮೇರಿ ಜೆನ್ನಿಂಗ್ಸ್ ಎಂಬವಳನ್ನು ಮದುವೆಯಾದ. ಆ ವರ್ಷಗಳಲ್ಲಿ ಆ ಬಯಲುಸೀಮೆಗೆ ಒದಗಿದ ಆಪತ್ತು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಹುಲ್ಲುಗಾವಲನ್ನು ಮಿತಿಮೀರಿ ಉತ್ತು ಗೋಧಿ ಬೆಳೆದಿದ್ದರು. ಮಳೆ ಕೈಕೊಟ್ಟಾಗ ಬೇರಿನ ಹಿಡಿತವಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14, ಭಾನುವಾರ, ನಡುಹಗಲೇ ಕತ್ತಲಾಗಿಸಿದ ಧೂಳಿನ ಗೋಡೆ ಪ್ಯಾಂಪಾದ ಮೇಲೂ ಬಂದೆರಗಿತು. ಪ್ರಳಯವೇ ಬಂತೆಂದು ಜನ ಪ್ರಾರ್ಥನೆಗೆ ಕುಳಿತರು. ಸಾಲ ತೀರಿಸಲಾಗದ ಸಾವಿರಾರು ಕುಟುಂಬಗಳು ಹಳೆಯ ಕಾರುಗಳಿಗೆ ಹಾಸಿಗೆ ಪಾತ್ರೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳತ್ತ ಗುಳೆ ಹೋದವು. ಅಲ್ಲಿಯವರು ಇವರನ್ನು 'ಓಕಿ'ಗಳೆಂದು ಹೀಗಳೆದರು. ಇದೇ ಜನರ ಕಥೆಯನ್ನು ಜಾನ್ ಸ್ಟೈನ್‌ಬೆಕ್ 1939ರಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯಾಗಿ ಬರೆದ. ಗಥ್ರಿಯೂ ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟು, ಗೂಡ್ಸ್ ರೈಲು ಹತ್ತಿ, ದಾರಿಹೋಕರ ಕಾರುಗಳಿಗೆ ಕೈಯೊಡ್ಡಿ, ಹಾಡಿ ಊಟ ಗಳಿಸುತ್ತ ಪಡುವಣಕ್ಕೆ ಹೋದ.

1937ರಲ್ಲಿ ಲಾಸ್ ಏಂಜಲೀಸಿನ ಕೆ.ಎಫ್.ವಿ.ಡಿ. ಎಂಬ ಬಾನುಲಿ ಕೇಂದ್ರದಲ್ಲಿ ಅವನಿಗೆ ಜಾಗ ಸಿಕ್ಕಿತು. ಮ್ಯಾಕ್ಸಿನ್ ಕ್ರಿಸ್‌ಮನ್ ಎಂಬ ಗೆಳತಿಯೊಡನೆ ಅವನು ಹಾಡುತ್ತಿದ್ದ ಹಳ್ಳಿಹಾಡುಗಳಿಗೆ ವಲಸೆಗಾರರ ಗುಡಿಸಲುಗಳಿಂದ ರಾಶಿ ರಾಶಿ ಕಾಗದ ಬರುತ್ತಿದ್ದವು. ಬಾನುಲಿಯಲ್ಲಿ ಮಾತಾಡುವ ನಾವು ನೆನೆಯಬೇಕಾದ ಒಂದು ಪ್ರಸಂಗ ಅಲ್ಲಿ ನಡೆಯಿತು. ತೆಂಕಣ ಸೀಮೆಯ ಬಿಳಿಯರ ರೂಢಿಯಂತೆ ಅವನು ಕರಿಯರನ್ನು ಅವಹೇಳನ ಮಾಡುವ ಪದವಿದ್ದ ಒಂದು ಹಾಡನ್ನು ಪ್ರಸಾರ ಮಾಡಿದ. ಕರಿಯ ಯುವಕನೊಬ್ಬ, ವಿದ್ಯಾವಂತ, ಇದರಿಂದ ನೊಂದೆನೆಂದು ಬರೆದ. ಗಥ್ರಿ ಅದನ್ನು ಮುಚ್ಚಿಡಲಿಲ್ಲ. ಕೇಳುಗರೆಲ್ಲರಿಗೂ ಕೇಳುವಂತೆ ಆ ಕಾಗದವನ್ನೇ ಓದಿ, ಕ್ಷಮೆ ಬೇಡಿ, ಆ ಪದವನ್ನು ತನ್ನ ಹಾಡುಗಳಿಂದ ತೆಗೆದುಹಾಕಿದ. ಮನುಷ್ಯರನ್ನು ಯಾವ ಹೆಸರಿನಿಂದ ಕರೆಯುತ್ತೇವೆಂಬುದು ಸಣ್ಣ ವಿಷಯವಲ್ಲವೆಂಬ ಪಾಠವನ್ನು ಅವನು ಕಲಿತದ್ದು ಒಬ್ಬ ಶ್ರೋತೃವಿನ ಕಾಗದದಿಂದ. ಅವನ ಮುಂದಿನ ಕೃತಿಗಳಿಗೆಲ್ಲ ಇದು ಪೀಠಿಕೆಯೆಂದೇ ನನಗೆ ತೋರುತ್ತದೆ.

ಅವನು ಹಾಡು ಕಟ್ಟುತ್ತಿದ್ದ ರೀತಿ ನಮಗೆ ಅಪರಿಚಿತವಲ್ಲ. ಯಕ್ಷಗಾನದ ಪ್ರಸಂಗಕರ್ತರು, ಲಾವಣಿಕಾರರು, ತತ್ತ್ವಪದಕಾರರು ಬಲ್ಲ ಧಾಟಿಯ ಮೇಲೆ ಹೊಸ ಪದ ಹೊಸೆಯುತ್ತಿದ್ದಂತೆ ಗಥ್ರಿಯೂ ಹಳೆಯ ಮಟ್ಟುಗಳನ್ನೇ ಎತ್ತಿಕೊಂಡ. ಸ್ಟೈನ್‌ಬೆಕ್ಕನ ಕಾದಂಬರಿಯನ್ನು ಅಡಕಗೊಳಿಸಿದ 'ಟಾಮ್ ಜೋಡ್' ಹಾಡಿಗೆ 'ಜಾನ್ ಹಾರ್ಡಿ' ಎಂಬ ಹಳೆಯ ಕಥನಗೀತೆಯ ಧಾಟಿ. ಪುಸ್ತಕ ಕೊಳ್ಳಲು ಕಾಸಿಲ್ಲದ ತನ್ನೂರ ಜನ ಕಥೆಯನ್ನು ಕೇಳಿಯಾದರೂ ತಿಳಿಯಲೆಂಬುದು ಅವನ ಉದ್ದೇಶವಾಗಿತ್ತು. ತನ್ನ ಹಾಡಿನ ಪುಸ್ತಕವೊಂದರಲ್ಲಿ, ಅಪ್ಪಣೆಯಿಲ್ಲದೆ ಇವನ್ನು ಹಾಡುವವರು ತನ್ನ ಸ್ನೇಹಿತರೇ ಆಗಿರುತ್ತಾರೆ ಎಂಬ ಅರ್ಥ ಬರುವ ತಮಾಷೆಯ ಹಕ್ಕುಸೂಚನೆಯನ್ನು ಅಚ್ಚುಹಾಕಿದ್ದ. ಧಾಟಿ ಎಲ್ಲರದಾದ್ದರಿಂದ ಹಾಡೂ ಎಲ್ಲರದೇ ಎಂಬುದು ಅವನ ನ್ಯಾಯ.

1940ರ ಆರಂಭದಲ್ಲಿ ಅವನು ನ್ಯೂಯಾರ್ಕಿಗೆ ಬಂದ. ದಾರಿಯುದ್ದಕ್ಕೂ ಹೋಟೆಲು ಛತ್ರಗಳ ಯಂತ್ರಗಳಲ್ಲಿ ಇರ್ವಿಂಗ್ ಬರ್ಲಿನ್ನನ 'ಗಾಡ್ ಬ್ಲೆಸ್ ಅಮೆರಿಕ' ಮೊಳಗುತ್ತಿತ್ತು. ಗುಳೆ ಹೋದವರ ಹಸಿವನ್ನು ಕಂಡುಬಂದವನಿಗೆ ಆ ಸ್ತುತಿ ಸಪ್ಪೆಯೆನಿಸಿತು. ಫೆಬ್ರುವರಿ 23ರಂದು ಅಗ್ಗದ ಹೋಟೆಲಿನ ಕೋಣೆಯೊಂದರಲ್ಲಿ ಕುಳಿತು ಬರೆದ ಉತ್ತರವೇ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್'. ಇಂದು ಶಾಲೆಯ ಮಕ್ಕಳು ಹಾಡುವ ಆ ಗೀತೆಯ ಮೂಲದಲ್ಲಿ ಖಾಸಗಿ ಆಸ್ತಿಯ ಫಲಕವನ್ನೂ ಪರಿಹಾರ ಕಚೇರಿಯ ಮುಂದಿನ ಹಸಿದವರ ಸಾಲನ್ನೂ ಹೇಳುವ ಚರಣಗಳಿದ್ದವು. ಹಾಡು ಪ್ರಸಿದ್ಧವಾದಾಗ ಅವು ಬಹುಮಟ್ಟಿಗೆ ಬಿಟ್ಟುಹೋದವು. ಹಾಳೆಯ ಅಡಿಯಲ್ಲಿ, ಕಂಡದ್ದನ್ನು ಮಾತ್ರ ಬರೆಯಲು ಸಾಧ್ಯವೆಂಬ ಒಂದು ಟಿಪ್ಪಣಿಯಿದೆ. ಇದನ್ನು ಅವನ ಕಾವ್ಯಮೀಮಾಂಸೆ ಎನ್ನಬಹುದು.

ಆ ವರ್ಷವೇ ಅದೃಷ್ಟ ಬಾಗಿಲು ತಟ್ಟಿತು. ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಅವನನ್ನು ವಾಷಿಂಗ್ಟನ್ನಿಗೆ ಕರೆಸಿ, ಲೈಬ್ರರಿ ಆಫ್ ಕಾಂಗ್ರೆಸ್ಸಿಗಾಗಿ ಗಂಟೆಗಟ್ಟಲೆ ಹಾಡನ್ನೂ ಮಾತನ್ನೂ ಧ್ವನಿಮುದ್ರಿಸಿದ. ವಿಕ್ಟರ್ ಕಂಪೆನಿ 'ಡಸ್ಟ್ ಬೌಲ್ ಬ್ಯಾಲಡ್ಸ್' ತಟ್ಟೆಗಳನ್ನು ಹೊರತಂದಿತು. ಸಿ.ಬಿ.ಎಸ್. ಬಾನುಲಿಯಲ್ಲಿ ಹೊಗೆಸೊಪ್ಪಿನ ಕಂಪೆನಿಯೊಂದು ಪ್ರಾಯೋಜಿಸಿದ ಕಾರ್ಯಕ್ರಮ ಸಿಕ್ಕಿತು. ಜೀವಮಾನದಲ್ಲಿ ಕಂಡಿರದಷ್ಟು ಸಂಬಳ. ಮೇರಿಯೂ ಮೂರು ಮಕ್ಕಳೂ ನ್ಯೂಯಾರ್ಕಿಗೆ ಬಂದರು. ಹೊಸ ಪಾಂಟಿಯಾಕ್ ಕಾರೂ ಬಂತು. ಆದರೆ ಏನು ಹಾಡಬೇಕು, ಏನು ಹಾಡಬಾರದು ಎಂಬುದನ್ನು ಈಗ ಇತರರು ಹೇಳುತ್ತಿದ್ದರು. ಕೆಲವೇ ವಾರಗಳಲ್ಲಿ, 1941ರ ಜನವರಿಯಲ್ಲಿ, ಅವನು ಕೆಲಸ ಬಿಟ್ಟು, ಸಂಸಾರವನ್ನು ಕಾರಿನಲ್ಲಿ ಕೂರಿಸಿಕೊಂಡು ಮತ್ತೆ ಪಡುವಣಕ್ಕೆ ಹೊರಟ. ನಾವು ಇದನ್ನು ಧೀರೋದಾತ್ತ ಕಾರ್ಯವೆಂದು ಹೊಗಳಬಹುದು. ಹಿಂದಿನ ಸೀಟಿನಲ್ಲಿದ್ದ ಮೂರು ಮಕ್ಕಳ ತಾಯಿಗೆ ಅದು ಹಾಗೆ ಕಂಡಿರಲಾರದು.

ಆ ವರ್ಷದ ಮೇ ತಿಂಗಳಲ್ಲಿ ಬಾನ್‌ವಿಲ್ ವಿದ್ಯುತ್ ಆಡಳಿತವೆಂಬ ಸರ್ಕಾರಿ ಸಂಸ್ಥೆ ಅವನನ್ನು ಒಂದು ತಿಂಗಳ ಮಟ್ಟಿಗೆ ನೇಮಿಸಿಕೊಂಡಿತು. ಕೊಲಂಬಿಯಾ ನದಿಯ ಅಣೆಕಟ್ಟುಗಳನ್ನು ಕುರಿತು ಹಾಡು ಕಟ್ಟುವುದು ಕೆಲಸ; ಸಂಬಳ 266 ಡಾಲರು 66 ಸೆಂಟು. ಕಾರಿನಲ್ಲಿ ನದಿಯುದ್ದಕ್ಕೂ ತಿರುಗಿ ಅವನು ಕಟ್ಟಿದ್ದು 26 ಹಾಡುಗಳು. ಧೂಳು ತಿಂದವನಿಗೆ ನೀರು ದೇವರಂತೆ ಕಂಡದ್ದು ಸಹಜ. ಆದರೆ ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಕೆಟಲ್ ಜಲಪಾತದ ಬಳಿ ತಲೆತಲಾಂತರದಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದ ಮೂಲನಿವಾಸಿಗಳ ದುಃಖ ಆ ಹಾಡುಗಳಿಗೆ ಬರಲಿಲ್ಲ. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರನ್ನು ಬಲ್ಲ ನಮಗೆ ಈ ಕೊರತೆ ಕಾಣದಿರದು. ಕಂಡದ್ದನ್ನು ಮಾತ್ರ ಬರೆಯಬಹುದೆಂದವನಿಗೂ ಕಾಣದೆ ಹೋದದ್ದು ಇತ್ತು.

ಒರೆಗನ್ನಿನ ಕೆಲಸ ಮುಗಿದ ಮೇಲೆ ಅವನು ಮತ್ತೆ ನ್ಯೂಯಾರ್ಕಿಗೆ ಹೊರಟ. ಮೇರಿ ಈ ಸಲ ಹಿಂಬಾಲಿಸಲಿಲ್ಲ. 1943ರಲ್ಲಿ ವಿಚ್ಛೇದನವಾಯಿತು. ಅಲೆದಾಟದ ಹಾಡುಗಳನ್ನು ಮೆಚ್ಚುವ ನಾವು, ಆ ಅಲೆದಾಟದ ಖರ್ಚನ್ನು ಯಾರು ಭರಿಸಿದರೆಂಬುದನ್ನೂ ಗಮನಿಸಬೇಕು.

ತಿರುಗಾಟದ ಬದುಕಿನ ವಿದ್ಯೆಗಳೇ ಬೇರೆ. ಅವನಿಗಿಂತ ಏಳು ವರ್ಷ ಕಿರಿಯನಾದ, ಹಾರ್ವರ್ಡ್ ಓದನ್ನು ಅರ್ಧಕ್ಕೆ ಬಿಟ್ಟ ಪೀಟ್ ಸೀಗರ್ 1940ರಲ್ಲಿ ಅವನ ಜೊತೆಗೂಡಿ ದೇಶ ತಿರುಗಿದ. ಹಾಡಿ ಹೊಟ್ಟೆ ಹೊರೆಯುವ ಮರ್ಮವನ್ನು ಗಥ್ರಿ ಹೇಳಿಕೊಟ್ಟ ಬಗೆಯನ್ನು ಸೀಗರ್ ಮುಂದೆ ಹಲವು ಸಲ ವರ್ಣಿಸಿದ. ಬ್ಯಾಂಜೊವನ್ನು ಬೆನ್ನಿಗೆ ನೇತುಹಾಕಿಕೊಂಡು ಸಾರಾಯಿ ಅಂಗಡಿಗೆ ಹೋಗಬೇಕು, ಅಗ್ಗದ ಒಂದು ಬಿಯರನ್ನು ಕೊಂಡು ಬಹಳ ನಿಧಾನವಾಗಿ ಕುಡಿಯಬೇಕು, ಯಾರಾದರೂ "ಅದನ್ನು ನುಡಿಸಬಲ್ಲೆಯಾ?" ಎಂದು ಕೇಳಿಯೇ ಕೇಳುತ್ತಾರೆ; ಆಗಲೂ ಆತುರ ತೋರಬಾರದು; ಮತ್ತೆ ಕೇಳಿ, ಕಾಸು ತೋರಿಸಿದಾಗ ಬೆನ್ನಿನಿಂದ ವಾದ್ಯ ಇಳಿಸಬೇಕು. ಮರುವರ್ಷ ಇವರಿಬ್ಬರೂ ಆಲ್ಮನ್ಯಾಕ್ ಗಾಯಕರೆಂಬ ತಂಡದಲ್ಲಿ, ಹಳೆಯ ಬ್ಯೂಕ್ ಕಾರಿನಲ್ಲಿ ಸುತ್ತುತ್ತ ಕಾರ್ಮಿಕ ಸಂಘಗಳ ಸಭೆಗಳಲ್ಲಿ ಹಾಡಿದರು.

1941ರ ಅಕ್ಟೋಬರ್ 31ರಂದು ರೂಬೆನ್ ಜೇಮ್ಸ್ ಎಂಬ ಅಮೆರಿಕದ ನೌಕೆಯನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ನೂರರಷ್ಟು ನಾವಿಕರು ಮಡಿದರು. ಗಥ್ರಿ ಮಡಿದವರೆಲ್ಲರ ಹೆಸರನ್ನೂ ಹಾಡಿನಲ್ಲಿ ಪೋಣಿಸಲು ಕುಳಿತ. ಇಷ್ಟು ಹೆಸರುಗಳ ಪಟ್ಟಿಯನ್ನು ಯಾರು ಕೇಳಿಯಾರು ಎಂದರು ಗೆಳೆಯರು. ಕೊನೆಗೆ ಪಟ್ಟಿ ಹೋಯಿತು. ಅವರ ಹೆಸರುಗಳೇನೆಂದು ಕೇಳುಗರನ್ನೇ ಕೇಳುವ ಪಲ್ಲವಿ ಉಳಿಯಿತು. ಕಲೆಯ ದೃಷ್ಟಿಯಿಂದ ಗೆಳೆಯರ ಮಾತು ಸರಿಯೇ. ಆದರೂ ಹೆಸರಿನ ಹಂಬಲ ಅವನನ್ನು ಬಿಡಲಿಲ್ಲ.

ಯುದ್ಧ ಬಂತು. ಗಿಟಾರಿನ ಮೇಲೆ 'ಈ ಯಂತ್ರ ಫ್ಯಾಸಿಸ್ಟರನ್ನು ಕೊಲ್ಲುತ್ತದೆ' ಎಂದು ಬರೆದುಕೊಂಡು ಅವನು ಸರಕುಹಡಗುಗಳ ಸೇವೆಗೆ ಸೇರಿದ. ಮೂರು ಯಾನಗಳಲ್ಲಿ ಎರಡು ಬಾರಿ ಅವನಿದ್ದ ಹಡಗು ಸ್ಫೋಟಕ್ಕೆ ಸಿಕ್ಕಿತು. 1943ರಲ್ಲಿ ಆತ್ಮಕಥೆ 'ಬೌಂಡ್ ಫಾರ್ ಗ್ಲೋರಿ' ಪ್ರಕಟವಾಯಿತು. 1944ರಲ್ಲಿ ಮೋಸೆಸ್ ಆಶ್ ಎಂಬ ಸಣ್ಣ ಪ್ರಕಾಶಕನ ಬಳಿ ಹೋಗಿ ಹಾಡುಗಳನ್ನು ಒಂದಾದ ಮೇಲೊಂದರಂತೆ ಧ್ವನಿಮುದ್ರಿಸಿದ. ಅವನ ಕಂಠ ನಮಗೆ ಉಳಿದಿರುವುದು ಹೆಚ್ಚಾಗಿ ಆಶ್‌ನ ದಯೆಯಿಂದ. ನರ್ತಕಿ ಮಾರ್ಜರಿ ಮೇಜಿಯಾಳನ್ನು 1945ರಲ್ಲಿ ವರಿಸಿ ನ್ಯೂಯಾರ್ಕಿನ ಕೋನಿ ಐಲೆಂಡಿನ ಮರ್‌ಮೇಡ್ ಅವೆನ್ಯೂದಲ್ಲಿ ನೆಲೆಸಿದ. ಮಗಳು ಕ್ಯಾಥಿಗಾಗಿ ಮಕ್ಕಳ ಹಾಡುಗಳನ್ನು ಕಟ್ಟಿದ. 1947ರಲ್ಲಿ, ನಾಲ್ಕು ವರ್ಷದ ಆ ಮಗು ಮನೆಯಲ್ಲೇ ಬೆಂಕಿಗೆ ಆಹುತಿಯಾಯಿತು. ಅಕ್ಕನನ್ನು ಕೊಂಡೊಯ್ದ ಬೆಂಕಿ ಮಗಳನ್ನೂ ಬಿಡಲಿಲ್ಲ.

ಇದಾಗಿ ಒಂದು ವರ್ಷಕ್ಕೆ, 1948ರ ಜನವರಿ 28ರಂದು, ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಕಣಿವೆಯಲ್ಲಿ ಒಂದು ವಿಮಾನ ಉರಿದು ಬಿದ್ದಿತು. ವಲಸೆ ಇಲಾಖೆ ಬಾಡಿಗೆಗೆ ಪಡೆದ ವಿಮಾನವದು. ತೋಟಗಳಲ್ಲಿ ಹಣ್ಣು ಕಿತ್ತು ದುಡಿದ ಮೆಕ್ಸಿಕೋದ 28 ಮಂದಿ ಕೂಲಿಗಳನ್ನು ಗಡಿಯತ್ತ ಸಾಗಿಸುತ್ತಿತ್ತು. ಚಾಲಕರಿಬ್ಬರು, ಪರಿಚಾರಿಕೆ, ಒಬ್ಬ ಕಾವಲು ಅಧಿಕಾರಿ ಸೇರಿ 32 ಮಂದಿಯೂ ಸತ್ತರು. ದೂರದ ನ್ಯೂಯಾರ್ಕಿಗೆ ತಲುಪಿದ ಸುದ್ದಿಯಲ್ಲಿ ಆ ನಾಲ್ವರ ಹೆಸರುಗಳಿದ್ದವು. ಉಳಿದವರನ್ನು 'ಗಡೀಪಾರಾದವರು' ಎಂಬ ಒಂದು ಪದದಲ್ಲಿ ಮುಗಿಸಿದ್ದರು. ಫ್ರೆಸ್ನೋ ಪಟ್ಟಣದ ಹೋಲಿ ಕ್ರಾಸ್ ಸ್ಮಶಾನದ ಒಂದೇ ಗುಂಡಿಯಲ್ಲಿ 28 ಮಂದಿಯನ್ನೂ ಹೂಳಿದರು; ಫಲಕದಲ್ಲಿಯೂ ಹೆಸರಿರಲಿಲ್ಲ.

ಮಗಳನ್ನು ಬೆಂಕಿಗೆ ಕೊಟ್ಟ ತಂದೆ ಈ ಸುದ್ದಿಯನ್ನು ಓದಿ 'ಡಿಪೋರ್ಟೀ' ಎಂಬ ಪದವನ್ನು ಬರೆದ. ತನಗೆ ತಿಳಿಯದ ಹೆಸರುಗಳ ಜಾಗದಲ್ಲಿ ಮೆಕ್ಸಿಕೋದ ಸಾಮಾನ್ಯ ಗಂಡು ಹೆಣ್ಣುಗಳ ಹೆಸರುಗಳನ್ನು ತಾನೇ ಇಟ್ಟು, ಸ್ನೇಹಿತರನ್ನು ಬೀಳ್ಕೊಡುವಂತೆ ಅವರನ್ನು ಕರೆದ. ಅದಕ್ಕೆ ಅವನು ಧಾಟಿ ಕೂಡಿಸಲಿಲ್ಲ. ಹತ್ತು ವರ್ಷಗಳ ಮೇಲೆ ಮಾರ್ಟಿನ್ ಹಾಫ್‌ಮನ್ ಎಂಬ ತರುಣ ರಾಗ ಹಾಕಿದ; ಸೀಗರ್ ಅದನ್ನು ಊರೂರಿಗೆ ಕೊಂಡೊಯ್ದ.

ಹಾಡು ಜನರನ್ನು ತಲುಪುವ ಹೊತ್ತಿಗೆ ಹಾಡುಗಾರನ ಕೈ ಗಿಟಾರು ಹಿಡಿಯದಾಗಿತ್ತು. 1952ರಲ್ಲಿ ವೈದ್ಯರು ಅವನ ವ್ಯಾಧಿಯನ್ನು ಗುರುತಿಸಿದರು, ತಾಯಿಯದೇ ವ್ಯಾಧಿ. 1956ರಿಂದ ನ್ಯೂಜೆರ್ಸಿಯ ಗ್ರೇಸ್ಟೋನ್ ಪಾರ್ಕ್ ಆಸ್ಪತ್ರೆ, 1961ರಿಂದ ಬ್ರೂಕ್ಲಿನ್ನಿನ ಆಸ್ಪತ್ರೆ. ಖಂಡದ ಎರಡು ಕರಾವಳಿಗಳ ನಡುವೆ ಅಲೆದವನ ತಿರುಗಾಟ ವಾರ್ಡಿನಿಂದ ವಾರ್ಡಿಗೆ ಇಳಿಯಿತು. ವಿಚ್ಛೇದನವಾಗಿದ್ದರೂ ಅವನನ್ನು ಕೊನೆಯತನಕ ನೋಡಿಕೊಂಡವಳು ಮಾರ್ಜರಿ. 1961ರ ಜನವರಿಯಲ್ಲಿ ಮಿನೆಸೋಟಾದಿಂದ ಹತ್ತೊಂಬತ್ತರ ಹುಡುಗನೊಬ್ಬ ಅವನನ್ನು ಹುಡುಕಿಕೊಂಡು ಬಂದು, ರೋಗಿಯ ಮುಂದೆ ಅವನವೇ ಹಾಡುಗಳನ್ನು ಹಾಡಿದ. ಆ ಹುಡುಗ ಬಾಬ್ ಡಿಲನ್. 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಒಬ್ಬ ಹಾಡುಗಾರನಿಗೆ ಸಂದಾಗ ನಮ್ಮಲ್ಲಿಯೂ ಹಾಡು ಸಾಹಿತ್ಯವೇ ಎಂಬ ಚರ್ಚೆ ನಡೆಯಿತು. ವಚನ ಕೀರ್ತನೆಗಳ ನಾಡಿನಲ್ಲಿ ಈ ಪ್ರಶ್ನೆ ಏಳಬೇಕಾಗಿರಲಿಲ್ಲ.

1967ರ ಅಕ್ಟೋಬರ್ 3ರಂದು ಗಥ್ರಿ ತೀರಿಕೊಂಡ. ಬಿಟ್ಟುಹೋದ ಪದಗಳು ಸಾವಿರವನ್ನು ಮೀರುತ್ತವೆ. ಬಹುಪಾಲಿಗೆ ಧಾಟಿ ಅವನೊಂದಿಗೇ ಹೋಯಿತು. ದಾಸರ ಪದಗಳ ಮೂಲ ಮಟ್ಟುಗಳನ್ನು ಕಳೆದುಕೊಂಡ ನಮಗೆ ಈ ನಷ್ಟ ಅರ್ಥವಾಗುತ್ತದೆ. ಮಗಳು ನೋರಾ ಆ ಹಾಳೆಗಳನ್ನು ಜೋಪಾನ ಮಾಡಿ ಹೊಸ ಗಾಯಕರ ಕೈಗಿತ್ತಳು. 1998ರಲ್ಲಿ ಬಿಲ್ಲಿ ಬ್ರ್ಯಾಗ್ ಮತ್ತು ವಿಲ್ಕೋ ತಂಡ ಕೆಲವಕ್ಕೆ ರಾಗ ಹಾಕಿ 'ಮರ್‌ಮೇಡ್ ಅವೆನ್ಯೂ' ಎಂಬ ಹೆಸರಿನಲ್ಲೇ ಹೊರತಂದರು.

ಆ 28 ಮಂದಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟಿಮ್ ಹೆರ್ನಾಂಡೆಜ್ ಎಂಬ ಲೇಖಕ ಹಾಡನ್ನೇ ಸುಳಿವಾಗಿ ಹಿಡಿದು, ಸ್ಮಶಾನದ ಮೇಲ್ವಿಚಾರಕರ ಜೊತೆಗೂಡಿ ದಾಖಲೆಗಳನ್ನು ಜಾಲಾಡಿದ. 2013ರ ಸೆಪ್ಟೆಂಬರಿನಲ್ಲಿ ಆ ಗುಂಡಿಯ ಮೇಲೆ 28 ಹೆಸರುಗಳನ್ನೂ ಕೆತ್ತಿದ ಕಲ್ಲು ನಿಂತಿತು. ಅಪಘಾತವಾಗಿ ಅರವತ್ತೈದು ವರ್ಷಗಳಾಗಿದ್ದವು. ಸರ್ಕಾರದ ಕಡತ ಮರೆತದ್ದನ್ನು ಒಂದು ಹಾಡು ಅಷ್ಟು ಕಾಲ ಕೇಳುತ್ತಲೇ ಇತ್ತು.

ದಾಸರು ಪದದ ಕೊನೆಗೆ ಅಂಕಿತವಿಟ್ಟರು. ಅದು ಇಷ್ಟದೈವದ ಹೆಸರು. ಗಥ್ರಿ ತನ್ನ ಹೆಸರಿನ ಹಕ್ಕನ್ನು ತಮಾಷೆಯಾಗಿ ಬಿಟ್ಟುಕೊಟ್ಟ, ಆದರೆ ಹೆಸರಿಲ್ಲದೆ ಸತ್ತವರ ಹೆಸರಿನ ಹಕ್ಕನ್ನು ಬಿಡಲಿಲ್ಲ. ಈ ಎರಡರ ಅಂತರವೇ 1982ರಲ್ಲಿ ನನಗೆ ತಿಳಿದಿರಲಿಲ್ಲ. ಹಾಡು ಎಲ್ಲರದು ಎಂಬುದು ನಿಜ. ಆದರೆ ಹಾಗೆ ಹೇಳಿ ಬಿಟ್ಟುಕೊಡುವ ಅಧಿಕಾರ ಹಾಡಿದವಳದು. ಬದುವಿನ ಮೇಲೆ ಪೆನ್ನು ಹಿಡಿದು ಕುಳಿತವನದಲ್ಲ.

ನಿವೃತ್ತನಾದ ವರ್ಷ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಗದ್ದೆಯ ಒಂದು ಭಾಗ ಈಗ ಮನೆಯ ನಿವೇಶನಗಳಾಗಿದೆ. ಹಳೆಯ ನೋಟ್ ಪುಸ್ತಕದಿಂದ ಹಾಡಿನ ಮೊದಲ ಸೊಲ್ಲನ್ನು ಓದಿ ಹೇಳಿದೆ. ಜಗಲಿಯ ಮೇಲಿದ್ದ ವೃದ್ಧೆಯೊಬ್ಬರು ಯೋಚಿಸಿ, ಆ ಕಾಲಕ್ಕೆ ಅದನ್ನು ಎತ್ತಿ ಹಾಡುತ್ತಿದ್ದವರು ಮೂವರಿದ್ದರೆಂದರು, ಮೂವರೂ ತೀರಿಕೊಂಡಿದ್ದಾರೆ. "ಯಾರನ್ ಕೇಳ್ತಿದ್ದೀರಿ ಸ್ವಾಮಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. 'ಒಬ್ಬ ಹೆಂಗಸು' ಎಂಬುದರ ಕೆಳಗೆ ಮೂವರ ಹೆಸರನ್ನೂ ಬರೆದುಕೊಂಡು ಬಂದೆ. ಅವುಗಳಲ್ಲಿ ಒಂದು ಅವಳದು.